ಹೆಂಚಿನ ಊರಿಗೆ ತಿಪಟೂರಿನ ನಾಲ್ವರು

ನಮ್ಮ ಗುಂಪಿನಲ್ಲಿ ಯಾರಿಗೂ ಹೆಸರಿಲ್ಲ. ಕಸುಬೇ ಹೆಸರು. ಪಂಪ್‌ಸೆಟ್ ರಿಪೇರಿ ಮಾಡುವವನು ಮೋಟಾರ್. ಔಷಧಿ ಅಂಗಡಿ ಇಟ್ಟವನು ಮೆಡಿಕಲ್. ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುವವರು ಮೇಷ್ಟ್ರು. ನಮ್ಮ ವಾರಿಗೆಯವರೇ ಆದರೂ ಅವರಿಗೆ ಮಾತ್ರ ಬಹುವಚನ. ನಾನು ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುವವನು, ಹಾಗಾಗಿ ಮಂಡಿ. ಊರು ತಿಪಟೂರು.

ಮಂಗಳೂರಿಗೆ ಹೋಗೋಣ ಅಂತ ಶುರು ಹಚ್ಚಿದ್ದು ಮೆಡಿಕಲ್. ಅವನಿಗೆ ಸಮುದ್ರ ಬೇಕಿತ್ತು. ಮೋಟಾರ್‌ಗೆ ಮೀನು ಬೇಕಿತ್ತು. ಮೇಷ್ಟ್ರಿಗೆ ಬಲ್ಮಠ, ಅಂದರೆ ಹಳೇ ಬಾಸೆಲ್ ಮಿಶನ್‌ನವರ ಆವರಣ, ನೋಡಬೇಕಿತ್ತು. ನನಗೆ ಹೆಂಚು. ಹೆಂಚು ಅಂದದ್ದಕ್ಕೆ ಮೂವರೂ ನಕ್ಕರು.

ನಗಲಿ. ನಮ್ಮ ಹಳ್ಳಿ ಮನೆಯ ಅಟ್ಟದ ಮೇಲೆ ಕಾಯಿ ಹತ್ತು ಹನ್ನೊಂದು ತಿಂಗಳು ಬಿದ್ದಿರುತ್ತದೆ. ಒಳಗಿನ ನೀರು ಇಂಗಬೇಕು. ಕೊಬ್ಬರಿ ಕರಟ ಬಿಡಬೇಕು. ಅಲ್ಲಾಡಿಸಿದರೆ ಒಳಗೆ ಲೊಟಲೊಟ ಅನ್ನಬೇಕು. ಆಮೇಲೆ ಕೆಳಗಿಳಿಸಿ, ಸಿಪ್ಪೆ ಸುಲಿದು, ಕರಟ ಒಡೆದರೆ ಉಂಡೆ ಕೊಬ್ಬರಿ. ಅಲ್ಲಿಯವರೆಗೆ ಅದನ್ನು ಕಾಯುವುದು ಮೇಲಿರುವ ಮಂಗಳೂರು ಹೆಂಚು. ಒಂದು ಹೆಂಚು ಸೀಳಿ ಮಳೆ ನೀರು ಇಳಿದರೆ ಅದರ ಕೆಳಗಿನ ಕಾಯಿ ಬೂಷ್ಟು ಹಿಡಿದು ಹಾಳು. ಮಂಡಿಯಲ್ಲಿ ಕೂತು ರೇಟು ಬರೆಯುವವನಿಗೆ ಆ ನಷ್ಟ ಚೆನ್ನಾಗಿ ಗೊತ್ತು.

ಹೊರಡುವ ಹಿಂದಿನ ದಿನ ಅಪ್ಪ ಒಂದು ಕೆಲಸ ಮಾಡಿದರು. ಅಟ್ಟದಿಂದ ಒಂದು ಹೆಂಚು ತೆಗೆದು, ನ್ಯೂಸ್‌ಪೇಪರ್ ಮೇಲೆ ಕವುಚಿ ಹಾಕಿ, ಪೆನ್ಸಿಲ್ಲಿನಲ್ಲಿ ಸುತ್ತ ಗೆರೆ ಎಳೆದರು. ಅಂಚಿನ ಗಾಡಿ, ಅಂದರೆ ಪಕ್ಕದ ಹೆಂಚು ಬಂದು ಕೂರುವ ಸಣ್ಣ ತೋಡು, ಎಲ್ಲಿ ಬರುತ್ತದೆ ಅಂತ ಎರಡು ಗುರುತು ಹಾಕಿದರು. ಮಡಚಿ ನನ್ನ ಜೇಬಿಗಿಟ್ಟು, "ಗಾಜಿನ ಹೆಂಚು ನಾಲ್ಕು ತಾ. ಇದಕ್ಕೆ ಕೂರಬೇಕು. ಅಟ್ಟದಲ್ಲಿ ಕಣ್ಣೇ ಕಾಣಲ್ಲ" ಅಂದರು. ಗಾಜಿನ ಹೆಂಚು ತಿಪಟೂರಿನಲ್ಲೂ ಸಿಗುತ್ತದೆ. ಆದರೆ ಒಂದೊಂದು ಫ್ಯಾಕ್ಟರಿಯ ಅಚ್ಚು ಒಂದೊಂದು ಥರ. ಕೂದಲೆಳೆ ವ್ಯತ್ಯಾಸ ಬಂದರೂ ಒಂದರ ಗಾಡಿಯಲ್ಲಿ ಇನ್ನೊಂದು ಕೂರುವುದಿಲ್ಲ. ಗಾಳಿ ಮಳೆಗೆ ಅಲ್ಲೇ ಸೋರುತ್ತದೆ.

ಜನವರಿ 26ಕ್ಕೆ ಮೇಷ್ಟ್ರು ಶಾಲೆಯಲ್ಲಿ ಬಾವುಟ ಹಾರಿಸಿ, ಮಕ್ಕಳ ಡ್ರಿಲ್ಲು ಮುಗಿಸಿ, ಜುಬ್ಬಾದಲ್ಲೇ ಬಂದು ಗಾಡಿ ಹತ್ತಿದರು. ಕೈಯಲ್ಲಿ ಮಕ್ಕಳಿಗೆ ಹಂಚಿ ಉಳಿದ ಲಾಡಿನ ಡಬ್ಬಿ. ಗಾಡಿ ಮೋಟಾರ್‌ದು, ಹಳೇ ಇನ್ನೋವಾ. ಹಿಂದಿನ ಸೀಟಿನ ಕೆಳಗೆ ತಾಮ್ರದ ತಂತಿ, ಬೇರಿಂಗು, ಗ್ರೀಸ್ ಡಬ್ಬಿ ಯಾವಾಗಲೂ ಇರುತ್ತವೆ. "ಇವನ್ನಾದರೂ ಇಳಿಸಿ ಬರಬಾರದಾ?" ಅಂದರೆ, "ದಾರೀಲಿ ಯಾರಾದ್ರೂ ಮೋಟಾರ್ ಸುಟ್ಕೊಂಡ್ರೆ?" ಅಂತಾನೆ. ಪ್ರವಾಸಕ್ಕೆ ಹೋದಾಗಲೂ ಅಂಗಡಿ ಮುಚ್ಚದ ಆಸಾಮಿ.

ಅರಸೀಕೆರೆ, ಹಾಸನ ದಾಟುವವರೆಗೆ ಹೇಳುವಂಥದ್ದೇನಿಲ್ಲ. ಅರಸೀಕೆರೆವರೆಗೂ ನಮ್ಮದೇ ತೆಂಗು. ಹಾಸನದಲ್ಲಿ ಊಟ. ಸಕಲೇಶಪುರ ಬರುವಷ್ಟರಲ್ಲಿ ಕಾಫಿ ತೋಟ, ಸಿಲ್ವರ್ ಓಕ್, ಅದರ ಮೇಲೆ ಹಬ್ಬಿದ ಮೆಣಸಿನ ಬಳ್ಳಿ. ಮಂಜರಾಬಾದ್ ಕೋಟೆ ಹತ್ತಲೇಬೇಕು ಅಂತ ಮೇಷ್ಟ್ರು ಹಟ ಹಿಡಿದರು. 1792ರಲ್ಲಿ ಟಿಪ್ಪು ಕಟ್ಟಿಸಿದ್ದು, ಎಂಟು ಮೂಲೆಯ ನಕ್ಷತ್ರದ ಆಕಾರ. ಡ್ರೋನ್ ಫೋಟೋದಲ್ಲಿ ಎಲ್ಲರೂ ನೋಡಿರುತ್ತೀರಿ. ಒಳಗೆ ಹೋಗಿ ನಿಂತರೆ ನಕ್ಷತ್ರ ಗಿಕ್ಷತ್ರ ಏನೂ ಕಾಣುವುದಿಲ್ಲ, ಬರೀ ಗೋಡೆ ಮತ್ತು ಹುಲ್ಲು. ಆದರೆ ಗೋಡೆ ಮೇಲಿಂದ ಘಟ್ಟದ ಕಡೆ ನೋಡಿದರೆ ಕೋಟೆಯನ್ನು ಇಲ್ಲೇ ಯಾಕೆ ಕಟ್ಟಿದರು ಅಂತ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಮಂಗಳೂರಿನಿಂದ ಹತ್ತಿ ಬರುವವನು ಇದರ ಕಣ್ಣು ತಪ್ಪಿಸಿ ಬರಲಾರ.

ಮೋಟಾರ್‌ಗೆ ಕೋಟೆ ಬೇಕಿರಲಿಲ್ಲ. ಅವನಿಗೆ ಎತ್ತಿನಹೊಳೆಯ ಪಂಪು ನೋಡುವ ಆಸೆ. ಸಕಲೇಶಪುರದ ಸುತ್ತ ಎಂಟು ಕಡೆ ಅಡ್ಡಗಟ್ಟೆ ಕಟ್ಟಿ, ಪಡುವಣಕ್ಕೆ ಹರಿದು ನೇತ್ರಾವತಿ ಸೇರುವ ಹಳ್ಳಗಳ ಮಳೆಗಾಲದ ನೀರನ್ನು ಪಂಪಿನಲ್ಲಿ ಮೇಲಕ್ಕೆತ್ತಿ, ಕಾಲುವೆಗೆ ಬಿಟ್ಟು ಬಯಲುಸೀಮೆಗೆ ತರುವ ಯೋಜನೆ ಅದು. 24 ಟಿಎಂಸಿ ಲೆಕ್ಕ. ಮೊದಲ ಹಂತಕ್ಕೆ 2024ರ ಸೆಪ್ಟೆಂಬರ್‌ನಲ್ಲಿ, ಗೌರಿ ಹಬ್ಬದ ದಿನ ಚಾಲನೆ ಕೊಟ್ಟರು. ಕಾಲುವೆ ನಮ್ಮ ಸೀಮೆಯ ಮೇಲೇ ಹಾದು ಹೋಗುವುದರಿಂದ ನಮ್ಮ ಟೀ ಅಂಗಡಿಗಳಲ್ಲಿ ಅದರ ಮಾತಿಲ್ಲದ ದಿನವಿಲ್ಲ. ಪಂಪ್ ಹೌಸಿನ ಒಳಗೆ ಯಾರು ಬಿಡ್ತಾರೆ? ದಾರಿಯಲ್ಲಿ ಕಂಡ ಪೈಪಿನ ಪಕ್ಕ ಗಾಡಿ ನಿಲ್ಲಿಸಿ, ಅದರ ಬಾಯೊಳಗೆ ನಿಂತು ಫೋಟೋ ತೆಗೆಸಿಕೊಂಡ. ಆರಡಿ ಆಳು, ಇನ್ನೂ ತಲೆ ಮೇಲೆ ಜಾಗ ಇತ್ತು. "ಇದಕ್ಕೆ ನೀರು ತಳ್ಳೋ ಮೋಟಾರ್ ಸುಟ್ರೆ ರಿವೈಂಡಿಂಗ್ ಯಾರು ಮಾಡ್ತಾರೋ?" ಅಂತ ಗುಂಡ್ಯ ಬರುವವರೆಗೂ ಅದೇ ಧ್ಯಾನ.

ಶಿರಾಡಿ ಘಾಟಿಯಲ್ಲಿ ಗ್ಯಾಸಿನ ಬುಲೆಟ್ ಟ್ಯಾಂಕರ್‌ಗಳು ಒಂದರ ಹಿಂದೆ ಒಂದು. ಇಳಿಯುವುದಕ್ಕೆ ಆತುರ ಪಟ್ಟರೆ ಕೆಲಸ ಕೆಡುತ್ತದೆ. ಸುಮ್ನೆ ಅವುಗಳ ಹಿಂದೆಯೇ ಹೋದೆವು. ಗುಂಡ್ಯಕ್ಕೆ ಇಳಿಯುತ್ತಿದ್ದಂತೆ ಗಾಳಿಯೇ ಬೇರೆ. ಸಕಲೇಶಪುರದಲ್ಲಿ ಸ್ವೆಟರ್ ಹುಡುಕಿದ ಮೆಡಿಕಲ್ ಈಗ ಅಂಗಿಯ ಎರಡು ಗುಂಡಿ ಬಿಚ್ಚಿದ.

ಅಲ್ಲಿಂದ ಮುಂದೆ ನನ್ನ ಕಣ್ಣೆಲ್ಲ ಸೂರಿನ ಮೇಲೆ. ನೆಲ್ಯಾಡಿ, ಉಪ್ಪಿನಂಗಡಿ, ಮಾಣಿ. ಮನೆ ಚಿಕ್ಕದಿರಲಿ ದೊಡ್ಡದಿರಲಿ, ಹೆಂಚಿನ ಇಳಿಜಾರು ಮಾತ್ರ ನಮ್ಮ ಕಡೆಗಿಂತ ಕಡಿದು. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್‌ಗಿಂತ ಜಾಸ್ತಿ ಮಳೆ ಹೊಡೆಯುವ ಕಡೆ ನೀರು ಹೆಂಚಿನ ಮೇಲೆ ನಿಲ್ಲಲೇಬಾರದು. ಸೂರನ್ನು ಗೋಡೆಯಿಂದ ಎಷ್ಟು ಮುಂದಕ್ಕೆ ಎಳೆದಿದ್ದಾರೆ ಅಂದರೆ ಕೆಲವು ಮನೆಗಳಿಗೆ ಗೋಡೆಯೇ ಕಾಣುವುದಿಲ್ಲ. ಹೊಸ ತಾರಸಿ ಮನೆ ಕಟ್ಟಿದವರೂ ಅದರ ಮೇಲೊಂದು ತಗಡಿನ ಮಾಡು ಹಾಕಿದ್ದಾರೆ. ಕಾಂಕ್ರೀಟನ್ನು ಈ ಮಳೆ ನಂಬುವುದಿಲ್ಲ ಅಂತ ಕಾಣುತ್ತದೆ.

ಕಲ್ಲಡ್ಕದಲ್ಲಿ ಕೆ.ಟಿ. ಕುಡಿದೆವು. ಕಲ್ಲಡ್ಕ ಟೀ. ಗಾಜಿನ ಲೋಟದಲ್ಲಿ ಕೆಳಗೆ ಬಿಳಿ ಹಾಲು, ಮೇಲೆ ಕಂದು ಡಿಕಾಕ್ಷನ್, ನಡುವೆ ಗೆರೆ ಎಳೆದ ಹಾಗೆ. ಮೋಟಾರ್ ಲೋಟವನ್ನು ಕಣ್ಣಿಗೆ ಹಿಡಿದು ತಿರುಗಿಸಿ ನೋಡಿದ. ಸಕ್ಕರೆ ಕರಗಿಸಿದ ಹಾಲು ಭಾರ, ಡಿಕಾಕ್ಷನ್ ಹಗುರ. ನಿಧಾನಕ್ಕೆ ಮೇಲಿಂದ ಬಿಟ್ಟರೆ ಕೂಡುವುದಿಲ್ಲ. ಅಷ್ಟೇ ಗುಟ್ಟು. ಮೆಡಿಕಲ್ ಕಲಕದೆ ಹಾಗೇ ಒಂದು ಗುಟುಕು ಎಳೆದು ಮುಖ ಹಿಂಡಿದ. ಮೇಲಿನದು ಬರೀ ಕಹಿ ಅಲ್ವಾ. ಪಕ್ಕದ ಟೇಬಲ್ಲಿನ ಅಜ್ಜ ಒಬ್ಬರು "ಚಮಚ ಕೊಟ್ಟದ್ದು ಎಂತಕ್ಕೆ ಮಾರಾಯ್ರೆ?" ಅಂತ ನಕ್ಕರು.

ಅಲ್ಲಿಂದ ಮುಂದೆ ಬಿ.ಸಿ.ರೋಡು, ಫರಂಗಿಪೇಟೆ. ಎಡಗಡೆ ನೇತ್ರಾವತಿ ಕಾಣುತ್ತ ಮರೆಯಾಗುತ್ತ ಜೊತೆಗೇ ಬರುತ್ತಾಳೆ. ಊರೊಳಗೆ ಹೊಕ್ಕ ಕೂಡಲೇ ಪಂಪ್‌ವೆಲ್ ಅನ್ನುವ ಸರ್ಕಲ್ಲು. ಮೋಟಾರ್ ಸಂತೋಷ ನೀವೇ ಊಹಿಸಿಕೊಳ್ಳಿ. ಹಂಪನಕಟ್ಟೆ ಹತ್ತಿರ ಒಂದು ಲಾಡ್ಜ್. ಎ.ಸಿ. ರೂಮು ಅಂತ ದುಡ್ಡು ತಗೊಂಡರು. ಎ.ಸಿ. ತಂಪು ಕೊಡುವ ಬದಲು ನೀರು ಕೊಟ್ಟಿತು, ಅದೂ ಮೇಷ್ಟ್ರ ಹಾಸಿಗೆ ಮೇಲೆ. ಕೆಳಗಿನಿಂದ ಬಂದ ಹುಡುಗ ಒಂದು ಬಕೆಟ್ ಇಟ್ಟು ಹೋದ. ಕೊನೆಗೆ ಮೋಟಾರ್ ಸ್ಟೂಲ್ ಹತ್ತಿ, ಕಟ್ಟಿಕೊಂಡಿದ್ದ ಪೈಪಿಗೆ ತಂತಿ ತೂರಿಸಿ, ಊದಿ ಸರಿಮಾಡಿದ. ಸೀಟಿನ ಕೆಳಗಿನ ತಂತಿ ಉಪಯೋಗಕ್ಕೆ ಬಂತು ಅಂತ ಇವತ್ತಿಗೂ ಹೇಳಿಕೊಂಡು ತಿರುಗುತ್ತಾನೆ.

ಮಾರನೇ ದಿನ ಕತ್ತಲಿರುವಾಗಲೇ ನಾನು, ಮೋಟಾರ್ ದಕ್ಕೆಗೆ ಹೋದೆವು. ಮೀನುಗಾರಿಕೆ ಬಂದರಿಗೆ ಇಲ್ಲಿ ದಕ್ಕೆ ಅನ್ನುತ್ತಾರೆ. ಮೆಡಿಕಲ್ ಶುದ್ಧ ಸಸ್ಯಾಹಾರಿ, ವಾಸನೆಗೇ ಹೆದರಿ ಬರಲಿಲ್ಲ. ಮೇಷ್ಟ್ರು ಮೀನು ತಿನ್ನುತ್ತಾರೆ, ಆದರೆ ಹೆಂಡತಿಗೆ ಗೊತ್ತಾಗಬಾರದು. ಬೆಳಗಿನ ನಿದ್ದೆಯನ್ನಂತೂ ಯಾವ ಮೀನಿಗೂ ಬಿಡುವುದಿಲ್ಲ.

ದಕ್ಕೆಯಲ್ಲಿ ನನಗೆ ಬೆರಗಾಗಿದ್ದು ಮೀನು ನೋಡಿ ಅಲ್ಲ, ಹರಾಜು ನೋಡಿ. ಹರಾಜು ನನ್ನ ಅನ್ನ. ನಮ್ಮಲ್ಲಿ ಕೊಬ್ಬರಿ ಚೀಲ ಬಿಚ್ಚಿ, ಉಂಡೆ ಕೈಗೆತ್ತಿಕೊಂಡು, ಬಣ್ಣ ನೋಡಿ, ಒಂದನ್ನು ಒಡೆದು ನೋಡಿ, ಆಮೇಲೆ ರೇಟು ಬರೆಯುತ್ತಾರೆ. ಕೊಬ್ಬರಿಗೆ ಅವಸರ ಇಲ್ಲ. ಇವತ್ತು ರೇಟು ಬರಲಿಲ್ಲ ಅಂದರೆ ರೈತ ಚೀಲ ವಾಪಸ್ ಒಯ್ದು ಇನ್ನೊಂದು ವಾರ ಕಾಯಬಹುದು. ಮೀನಿಗೆ ಆ ಸೌಲಭ್ಯ ಇಲ್ಲ. ಬೋಟಿನಿಂದ ಬುಟ್ಟಿ ಇಳಿಯುತ್ತದೆ, ನೆಲಕ್ಕೆ ಸುರಿಯುತ್ತಾರೆ, ಸುತ್ತ ಹತ್ತು ಜನ ಬಗ್ಗುತ್ತಾರೆ, ಒಬ್ಬ ಕೂಗುತ್ತಾನೆ, ಮುಗಿಯಿತು. ಕಣ್ಣು ಮಿಟುಕಿಸಿದರೆ ರಾಶಿ ಬೇರೆಯವರದು. ತುಳು, ಬ್ಯಾರಿ, ಮಲಯಾಳ ಎಲ್ಲ ಸೇರಿದ ಆ ಕೂಗು ನನಗೆ ಒಂದಕ್ಷರ ತಿಳಿಯಲಿಲ್ಲ. ಆದರೆ ಯಾರು ಕೊಳ್ಳುತ್ತಾನೆ, ಯಾರು ಸುಮ್ನೆ ರೇಟು ಏರಿಸುತ್ತಾನೆ ಅನ್ನುವುದು ಮುಖ ನೋಡಿದರೆ ಗೊತ್ತಾಗುತ್ತಿತ್ತು. ಆ ಮುಖಗಳು ತಿಪಟೂರಿನಲ್ಲೂ ಇವೆ.

ಹರಾಜಿನ ಅಂಚಿನಲ್ಲಿ ಮೀನು ಮಾರುವ ಹೆಂಗಸರು ನಿಂತಿದ್ದರು. ಒಬ್ಬ ಅಮ್ಮ ಬಂಗುಡೆಯ ಕಿವಿರು ಹೆಬ್ಬೆರಳಲ್ಲಿ ಎತ್ತಿ ನೋಡಿದರು. ಒಳಗೆ ಕೆಂಪಗಿದ್ದರೆ ಬುಟ್ಟಿಗೆ, ಕಂದು ತಿರುಗಿದ್ದರೆ ಪಕ್ಕಕ್ಕೆ. ಬೆರಳಲ್ಲಿ ಹೊಟ್ಟೆ ಒತ್ತಿದರು. ಗುಳಿ ಹಾಗೇ ಉಳಿದರೆ ಅದೂ ಪಕ್ಕಕ್ಕೆ. ಒಂದು ಬುಟ್ಟಿ ಮೀನು ಆರಿಸಲು ಎರಡು ನಿಮಿಷ ಹಿಡಿಯಲಿಲ್ಲ. ಆರಿಸಿ ಮುಗಿದ ಮೇಲೆ ಪುಡಿ ಐಸು ಎರಚಿ, ಬುಟ್ಟಿಯನ್ನು ತಲೆಗೇರಿಸಿ, ರಿಕ್ಷಾ ಹಿಡಿಯಲು ಓಡಿದರು. ನಮ್ಮ ಮಂಡಿಗೆ ಇಂಥವರೊಬ್ಬರು ಬಂದರೆ ಗ್ರೇಡಿಂಗ್ ಜಗಳಗಳು ಅರ್ಧಕ್ಕರ್ಧ ಕಮ್ಮಿ ಆಗುತ್ತವೆ.

ಮಧ್ಯಾಹ್ನದ ಊಟದ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಕುಚ್ಚಲಕ್ಕಿ ಅನ್ನ, ಬಂಗುಡೆ ಪುಳಿಮುಂಚಿ, ಅಂಜಲ್ ತವಾ ಫ್ರೈ, ಸಣ್ಣ ಬಟ್ಟಲಲ್ಲಿ ಮೀನಿನ ಗಸಿ. ಗಸಿಯನ್ನು ಬಾಯಿಗಿಟ್ಟ ಕೂಡಲೇ ನನಗೆ ಕಂಡದ್ದು ತೆಂಗಿನಕಾಯಿ. ಹಸಿ ಕಾಯಿ ನುಣ್ಣಗೆ ರುಬ್ಬಿ ಹಾಕಿದ್ದಾರೆ, ಕೈ ಹಿಡಿಯದೆ. ತಿಪಟೂರಿನಲ್ಲಿ ಹುಟ್ಟಿ ತೆಂಗಿನ ನಡುವೆ ಬೆಳೆದ ನಾನು ಇಷ್ಟು ಧಾರಾಳವಾಗಿ ಕಾಯಿ ತಿಂದವನಲ್ಲ. ನಮಗೆ ತೋಟದ ಕಾಯಿ ಅಂದರೆ ಅಟ್ಟಕ್ಕೆ ಹಾಕಿದ ದುಡ್ಡು. ಅಮ್ಮ ಸಾರಿಗೆ ಅರ್ಧ ಹೋಳು ಜಾಸ್ತಿ ತುರಿದರೆ ಅಜ್ಜ ಗೊಣಗುತ್ತಿದ್ದರು. ಒಣಗಿಸಿದ ಉಂಡೆಯನ್ನು ಉತ್ತರದವರು ತಿನ್ನುತ್ತಾರೆ, ಮದುವೆಗೆ ಹಂಚುತ್ತಾರೆ, ದೇವರಿಗೆ ಇಡುತ್ತಾರೆ. ಬೆಳೆದ ನಾವು ಲೆಕ್ಕ ಬರೆಯುತ್ತೇವೆ. ಮಂಗಳೂರಿನವರು ಇದರಲ್ಲಿ ನಮಗಿಂತ ಬುದ್ಧಿವಂತರು. ಕಾಯಿ ಇರುವುದು ತಿನ್ನುವುದಕ್ಕೆ ಅಂತ ಅವರಿಗೆ ಗೊತ್ತು.

ಮೆಡಿಕಲ್ ಗತಿ ಏನು ಅಂತ ಕೇಳುತ್ತೀರಿ. ಅವನು ಬನ್ಸ್‌ಗೆ ಶರಣಾದ. ಕಳಿತ ಬಾಳೆಹಣ್ಣು ಹಿಸುಕಿ, ಮೈದಾ, ಮೊಸರು, ಜೀರಿಗೆ ಸೇರಿಸಿ, ರಾತ್ರಿಯಿಡೀ ನೆನೆಸಿ, ಪೂರಿಗಿಂತ ದಪ್ಪಗೆ ಲಟ್ಟಿಸಿ ಕರಿದದ್ದು. ಸಂಜೆಗೆ ಗೋಳಿಬಜೆ. ರಾತ್ರಿಗೆ ನೀರ್‌ದೋಸೆ, ಅದಕ್ಕೆ ಕಾಯಿ ಬೆಲ್ಲ. ಊಟ ಆದಮೇಲೆ ಐಡಿಯಲ್‌ನಲ್ಲಿ ಗಡ್‌ಬಡ್. ಉದ್ದ ಲೋಟದಲ್ಲಿ ಐಸ್‌ಕ್ರೀಮು, ಜೆಲ್ಲಿ, ಹಣ್ಣು, ಗೋಡಂಬಿ ಅಡಿಯಿಂದ ಮುಡಿವರೆಗೆ. ನಾವು ಮೀನು ತಿಂದ ಕೈ ತೊಳೆದು ಬರುವಷ್ಟರಲ್ಲಿ ಅವನದು ಎರಡನೇ ಲೋಟ. ಶುಗರ್ ಮಾತ್ರೆ ಮಾರುವವನು ಅಂತ ಯಾರೂ ನಂಬುವ ಹಾಗಿರಲಿಲ್ಲ.

ಈಗ ಹೆಂಚಿನ ವಿಷಯ. ಬೆಳಗ್ಗೆ ತಿಂಡಿ ಆದಮೇಲೆ ಮೂವರನ್ನೂ ಜೆಪ್ಪು ಕಡೆ ಎಳೆದುಕೊಂಡು ಹೋಗಿದ್ದೆ. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಶನ್‌ನವರು 1865ರಲ್ಲಿ ಹೆಂಚಿನ ಫ್ಯಾಕ್ಟರಿ ಶುರು ಮಾಡಿದ್ದು ಅಲ್ಲಿ. ಅದಕ್ಕೆ ಮೊದಲು ಹೆಂಚು ಅಂದರೆ ನಾಡಹೆಂಚು. ಕುಂಬಾರರು ಚಕ್ರದಲ್ಲಿ ಮಾಡಿ ಎರಡಾಗಿ ಸೀಳಿದ ಅರೆಗೊಳವೆ. ಮಂಗ ಓಡಾಡಿದರೂ ಜಾರುತ್ತದೆ. ಮಿಶನ್‌ನ ಪ್ಲೆಬ್ಸ್ಟ್ ಅನ್ನುವವರು ನದಿ ದಡದ ಜೇಡಿಮಣ್ಣನ್ನು ಯಂತ್ರದಲ್ಲಿ ಅಚ್ಚೊತ್ತಿ, ಸುಟ್ಟು, ಒಂದಕ್ಕೊಂದು ಕೊಂಡಿ ಬೀಳುವ ಚಪ್ಪಟೆ ಹೆಂಚು ಮಾಡಿಸಿದರು. ಮಣ್ಣು ನೇತ್ರಾವತಿ, ಗುರುಪುರ ಹೊಳೆಗಳದು. ಮತಾಂತರ ಆಗಿ ಜಾತಿಯಿಂದ, ಕಸುಬಿನಿಂದ ಹೊರಬಿದ್ದವರಿಗೆ ಕೆಲಸ ಕೊಡಲು ಮಿಶನ್‌ನವರು ನೇಯ್ಗೆ, ಅಚ್ಚುಕೂಟ, ಹೆಂಚು ಅಂತ ಒಂದೊಂದೇ ಶುರು ಮಾಡಿದ್ದು ಅಂತ ಮೇಷ್ಟ್ರು ಹೇಳಿದರು. ಬೆನ್ನಿಗೇ 1868ರಲ್ಲಿ ಆಲ್ಬುಕರ್ಕ್‌ನವರ ಫ್ಯಾಕ್ಟರಿ ಬಂತು. ಆಮೇಲೆ ಹೊಳೆ ದಡದುದ್ದಕ್ಕೂ ಹೊಗೆಗೂಡು. ಈಗ ಬಹಳಷ್ಟು ಮುಚ್ಚಿವೆ. ಹಳೇ ಚಿಮಣಿ ಇದ್ದ ಊರಲ್ಲಿ ಈಗ ಅಪಾರ್ಟ್‌ಮೆಂಟು.

ಹೊಸ ಗಾಜಿನ ಹೆಂಚು ಅಂಗಡಿಯಲ್ಲಿ ಸಿಕ್ಕಿತು, ಆದರೆ ಅಪ್ಪನ ಗೆರೆಗೆ ಕೂರಲಿಲ್ಲ. ಕೊನೆಗೆ ಒಬ್ಬ ಆಟೋದವರು ಊರ ಹೊರಗೆ ಹಳೇ ಮನೆ ಸಾಮಾನು ಮಾರುವ ಜಾಗಕ್ಕೆ ದಾರಿ ಹೇಳಿದರು. ಕೆಡವಿದ ಮನೆಗಳ ಬಾಗಿಲು, ಕಿಟಕಿ, ಜಂತಿ, ರೀಪು, ಕೆಂಪು ನೆಲದ ಬಿಲ್ಲೆ. ಹಿಂದುಗಡೆ ಅಡ್ಡಡ್ಡ ನಿಲ್ಲಿಸಿದ ಹೆಂಚಿನ ಸಾಲುಗಳು, ಪಾಚಿ ಕಟ್ಟಿ ಕಪ್ಪಾದವು.

ಒಂದನ್ನು ಎಳೆದು ಮಗುಚಿದೆ. ಅಡಿಯಲ್ಲಿ ಉಬ್ಬು ಅಕ್ಷರ, ಇಂಗ್ಲಿಷಿನದು: ಬಾಸೆಲ್ ಮಿಶನ್ ಟೈಲ್ ವರ್ಕ್ಸ್, 1865, ಮಂಗಳೂರು. ಮೇಲ್ಮೈ ಪಾಚಿಗೆ ಕಪ್ಪಾಗಿದ್ದರೂ ಅಡಿ ಮಾತ್ರ ನಿನ್ನೆ ಸುಟ್ಟ ಹಾಗೆ ಕೆಂಪು. ಮೇಲಂಚಿಗೆ ರೀಪು ಹಿಡಿಯುವ ಎರಡು ಗುಬುಟು. ಒಂದು ಪಕ್ಕ ಗಾಡಿ, ಇನ್ನೊಂದು ಪಕ್ಕ ಏಣು. ಪಕ್ಕದ ಹೆಂಚಿನ ಏಣು ಇದರ ಗಾಡಿಯೊಳಗೆ ಇಳಿಯಬೇಕು. ಮೆಡಿಕಲ್ ಕಣ್ಣರಳಿಸಿ "1865ರ ಹೆಂಚಾ!" ಅಂದ. ಅಲ್ಲ ಕಣಪ್ಪ, ಅದು ಫ್ಯಾಕ್ಟರಿ ಹುಟ್ಟಿದ ವರ್ಷ. ಆಮೇಲೆ ಎಷ್ಟೋ ವರ್ಷ ಅದೇ ಅಚ್ಚು ಒತ್ತಿದ್ದಾರೆ. ಹೆಂಚಿಗೆ ಹುಟ್ಟಿದ ದಿನ ಬರೆದಿರುವುದಿಲ್ಲ.

ಕೆಳಗಿಡುವ ಮೊದಲು ಬೆರಳ ಗೆಣ್ಣಿನಿಂದ ಕುಟ್ಟಿದೆ. ಟಣ್ ಅಂದಿತು. ಪಕ್ಕದ್ದು ಟಪ್ ಅಂದಿತು. ಎಲ್ಲೋ ಕಣ್ಣಿಗೆ ಕಾಣದ ಸೀಳು ಇದೆ ಅಂತ ಅರ್ಥ. ಕಾಯಿಯನ್ನು ಕಿವಿ ಹತ್ತಿರ ಅಲ್ಲಾಡಿಸಿ ನೋಡುವ ಹಾಗೇ ಇದೂ ಕಿವಿಯ ಕೆಲಸ. ಅಂಗಡಿಯ ಯಜಮಾನರು ಇದನ್ನು ದೂರದಿಂದ ನೋಡಿ ಎದ್ದು ಬಂದರು. ಲುಂಗಿ, ಹೆಗಲ ಮೇಲೆ ಬೈರಾಸು.

"ಎಷ್ಟು ಬೇಕು ನಿಮಗೆ?"

"ಗಾಜಿಂದು ನಾಲ್ಕು."

"ನಾಲ್ಕಾ? ಎಲ್ಲಿಂದ ಬಂದದ್ದು ನೀವು?"

"ತಿಪಟೂರು."

"ನಾಲ್ಕು ಹೆಂಚಿಗೆ ತಿಪಟೂರಿಂದ ಬಂದದ್ದಾ ಮಾರಾಯ್ರೆ!"

ಆದರೂ ಅಪ್ಪನ ನ್ಯೂಸ್‌ಪೇಪರನ್ನು ಕೈಗೆ ತಗೊಂಡು ಬಿಸಿಲಿಗೆ ಹಿಡಿದು ನೋಡಿದರು. ಮುಖದ ನಗು ಹೋಯಿತು. "ಇದು ಗೆರೆ ಹಾಕಿದವರಿಗೆ ಕೆಲಸ ಗೊತ್ತುಂಟು" ಅಂದರು. ಒಳಗಿನಿಂದ ಗಾಜಿನ ಹೆಂಚು ಒಂದೊಂದೇ ತಂದು ಕಾಗದದ ಮೇಲೆ ಇಟ್ಟು ನೋಡಿದರು. ಐದಾರು ತಳ್ಳಿ ಹಾಕಿದ ಮೇಲೆ ಸರಿಯಾದದ್ದು ಸಿಕ್ಕಿತು. ಹಸಿರು ಛಾಯೆಯ ದಪ್ಪ ಗಾಜು, ಒಳಗೆ ಸಣ್ಣ ಗುಳ್ಳೆಗಳು.

ಹೆಂಚು ಕಟ್ಟುತ್ತಾ ಅವರು ಕೇಳಿದರು, "ಹಾಗಾದ್ರೆ ಎತ್ತಿನಹೊಳೆ ನೀರು ನಿಮಗೇ ಅಲ್ವಾ ಬರುವುದು?" ದನಿಯಲ್ಲಿ ಸಿಟ್ಟಿರಲಿಲ್ಲ. ಆದರೆ ಸುಮ್ನೆ ಕೇಳಿದ್ದೂ ಅಲ್ಲ. ಮೋಟಾರ್ ಮುಂದೆ ಬಂದ. ನಮ್ಮ ಕಡೆ ಸಾವಿರ ಅಡಿ ಕೊರೆದರೂ ಬೋರ್‌ವೆಲ್‌ನಲ್ಲಿ ಧೂಳು ಬರುತ್ತದೆ, ಮಳೆಗಾಲದಲ್ಲಿ ಸಮುದ್ರಕ್ಕೆ ಹೋಗುವ ನೀರಲ್ಲಿ ಒಂದು ಪಾಲು ಕೊಟ್ಟರೆ ತಪ್ಪೇನು ಅಂತ ಅವನ ವಾದ. ಯಜಮಾನರು ದಾರ ಬಿಗಿಯುತ್ತಲೇ ಹೇಳಿದರು. "ಮೇ ತಿಂಗಳಲ್ಲಿ ಬನ್ನಿ. ತುಂಬೆ ಡ್ಯಾಮು ನೋಡಿ. ಮತ್ತೆ ನಮ್ಮ ನಳ್ಳಿಯಲ್ಲಿ ಎಂತ ಬರ್ತದೆ ನೋಡಿ." ಮಂಗಳೂರಿಗೆ ಕುಡಿಯುವ ನೀರು ಬರುವುದು ನೇತ್ರಾವತಿಯ ಆ ತುಂಬೆ ಡ್ಯಾಮಿನಿಂದಲೇ. 2019ರ ಬೇಸಿಗೆಯಲ್ಲಿ ಮಂಗಳೂರಿನಲ್ಲಿ ನೀರಿಗೆ ರೇಷನಿಂಗ್ ಮಾಡಿದ್ದು ನನಗೂ ನೆನಪಿದೆ. ಸಮುದ್ರಕ್ಕೆ ಹೋಗುವ ನೀರು ವ್ಯರ್ಥ ಅಂತ ನಾವು ಎಷ್ಟು ಸಲೀಸಾಗಿ ಅಂದುಬಿಡುತ್ತೇವೆ. ಹೊಳೆ ಸೊರಗಿದರೆ ಉಪ್ಪುನೀರು ಮೇಲಕ್ಕೆ ನುಗ್ಗುತ್ತದೆ, ಬಾವಿ ಕೆಡುತ್ತದೆ, ಮೀನಿಗೂ ಹೊಳೆಯ ನೀರು ಬೇಕು. ಇದನ್ನೆಲ್ಲ ಅವರು ಬಿಡಿಸಿ ಹೇಳಿದರು. ನಾನು ಬಯಲುಸೀಮೆಯವನು, ಕಾಲುವೆಯಲ್ಲಿ ನೀರು ಬಂದರೆ ಬೇಡ ಅನ್ನಲಾರೆ. ಆದರೆ ಅವರು ಹೇಳಿದ್ದರಲ್ಲಿ ಸುಳ್ಳು ಒಂದೂ ಕಾಣಲಿಲ್ಲ. ಮೋಟಾರ್ ಕೂಡ ಆಮೇಲೆ ಮಾತು ಬೆಳೆಸಲಿಲ್ಲ. ದುಡ್ಡು ಕೊಡುವಾಗ ಯಜಮಾನರು ಐದನೇ ಹೆಂಚೊಂದನ್ನು ಸೇರಿಸಿದರು. "ದಾರಿಯಲ್ಲಿ ಒಂದು ಒಡೆಯುತ್ತದೆ, ಗ್ಯಾರಂಟಿ" ಅಂದರು.

ಮೇಷ್ಟ್ರ ಪಾಲಿನ ಮಂಗಳೂರು ಬೇರೆ. 1843ರಲ್ಲಿ ಮಿಶನ್‌ನ ಮೋಗ್ಲಿಂಗ್ ಅವರು ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ತೆಗೆದದ್ದು ಇದೇ ಊರಿಂದ, ಕಲ್ಲಚ್ಚಿನಲ್ಲಿ. ಕಿಟ್ಟೆಲ್ ನಿಘಂಟು 1894ರಲ್ಲಿ ಅಚ್ಚಾದದ್ದೂ ಇಲ್ಲೇ, ಮಿಶನ್ ಪ್ರೆಸ್ಸಿನಲ್ಲಿ. ಬಲ್ಮಠದ ಆವರಣದಲ್ಲಿ ಅವರು ಚಪ್ಪಲಿ ಬಿಡುವುದೊಂದು ಬಾಕಿ. ಕದ್ರಿಗೆ ಹೋದಾಗ ಲೋಕೇಶ್ವರನ ಕಂಚಿನ ಮೂರ್ತಿ ಮುಂದೆ ನಿಂತು, ಆಳುಪ ರಾಜ ಕುಂದವರ್ಮ, ಕ್ರಿ.ಶ. 968 ಅಂತ ನಮಗೆಲ್ಲ ಪಾಠ ಒಪ್ಪಿಸಿದರು. ಸಾವಿರ ವರ್ಷ ದಾಟಿದ ಕಂಚು, ಮುಖ ಇನ್ನೂ ನುಣುಪು. ಅಲೋಷಿಯಸ್ ಚಾಪೆಲ್‌ನಲ್ಲಿ ಮಾತ್ರ ಅವರೂ ಬಾಯಿ ಮುಚ್ಚಿದರು. ಇಟಲಿಯಿಂದ ಬಂದ ಮೊಸ್ಕೇನಿ ಎಂಬ ಜೆಸ್ವಿಟ್ ಬ್ರದರ್ 1899ರಿಂದ 1901ರವರೆಗೆ ಗೋಡೆ, ಚಾವಣಿ ತುಂಬಾ ಬರೆದ ಚಿತ್ರಗಳು. ಕತ್ತು ನೋಯುವ ತನಕ ನೋಡಿದೆವು. ಅಷ್ಟು ಎತ್ತರದಲ್ಲಿ, ಈ ಸೆಕೆಯಲ್ಲಿ, ಎರಡು ವರ್ಷ! ಮೆಡಿಕಲ್‌ಗೆ ತೋಚಿದ್ದು ಒಂದೇ ಪ್ರಶ್ನೆ: "ಆ ಬ್ರದರ್‌ಗೆ ಬೆನ್ನು ನೋವಿಗೆ ಏನು ಕೊಡ್ತಿದ್ರೋ?"

ಬಿಸಿಲಿನ ಬಗ್ಗೆ ಒಂದು ಮಾತು. ನಮ್ಮ ಬಿಸಿಲು ಸುಡುತ್ತದೆ, ನೆರಳಿಗೆ ಬಂದರೆ ಬಿಡುತ್ತದೆ. ಮಂಗಳೂರಿನದು ನೆರಳಿಗೂ ಹಿಂಬಾಲಿಸಿ ಬರುತ್ತದೆ. ಜನವರಿಯಲ್ಲೇ ಅಂಗಿ ಬೆನ್ನಿಗೆ ಅಂಟಿ, ಒಗೆದು ಹಾಕಿದ ಬನಿಯನ್ ರಾತ್ರಿ ಕಳೆದರೂ ಒಣಗಲಿಲ್ಲ. ಇಲ್ಲಿ ಉಂಡೆ ಕೊಬ್ಬರಿ ಮಾಡಲು ಹೊರಟರೆ ಅಟ್ಟದಲ್ಲೇ ಬೂಷ್ಟು ಹಿಡಿದೀತು. ಹೋಳು ಮಾಡಿ ಒಣಗಿಸಿ ಗಾಣಕ್ಕೆ ಹಾಕಿ ಎಣ್ಣೆ ತೆಗೆಯುವುದೇ ಸರಿ.

ಸಂಜೆ ಸುಲ್ತಾನ್ ಬತ್ತೇರಿಗೆ ಹೋದೆವು. ಗುರುಪುರ ಹೊಳೆಗೆ ಹಡಗು ನುಗ್ಗದಂತೆ ಕಾಯಲು ಟಿಪ್ಪು 1784ರಲ್ಲಿ ಕಟ್ಟಿಸಿದ ಕಾವಲು ಬುರುಜು. ಕಪ್ಪು ಕಲ್ಲು, ಗೋಡೆಯಲ್ಲಿ ಫಿರಂಗಿ ಕಿಂಡಿ. ಪಕ್ಕದಲ್ಲೇ ದೋಣಿ. ಆ ದಡಕ್ಕೆ ದಾಟಿದರೆ ತಣ್ಣೀರುಬಾವಿ. ಹೊಳೆಗೂ ಸಮುದ್ರಕ್ಕೂ ನಡುವೆ ಉದ್ದಕ್ಕೆ ಚಾಚಿದ ಮರಳಿನ ಪಟ್ಟಿ ಅದು. ಒಂದು ಕಡೆ ದೋಣಿ ಇಳಿದು, ಮರಗಳ ನಡುವೆ ಸ್ವಲ್ಪ ನಡೆದರೆ ಇನ್ನೊಂದು ಕಡೆ ಕಡಲು. ಪಣಂಬೂರಿನಲ್ಲಿ ಒಂಟೆ, ಜನಜಂಗುಳಿ ಇರುತ್ತದೆ ಅಂತ ಇದನ್ನೇ ಆರಿಸಿದ್ದೆವು. ಇಲ್ಲೂ ಜನ ಇದ್ದರು, ಆದರೆ ಕಾಲು ಚಾಚಿ ಕೂರಲು ಜಾಗ ಇತ್ತು. ದೂರದಲ್ಲಿ ಬಂದರಿಗೆ ಸರದಿ ಕಾಯುವ ಹಡಗುಗಳು.

ಸಮುದ್ರ ಬೇಕು ಅಂದಿದ್ದ ಮೆಡಿಕಲ್ ನೀರಿಗೆ ಇಳಿಯಲಿಲ್ಲ. ಮುಖಕ್ಕೆ ಬಿಳಿ ಕ್ರೀಮು ಬಳಿದುಕೊಂಡು, ಪ್ಯಾಂಟು ಮಡಚಿ, ಅಲೆ ಬಂದರೆ ಹಿಂದೆ ಓಡುತ್ತ ನಿಂತಿದ್ದ. ಮೀನಿಗೆ ಬಂದ ಮೋಟಾರ್ ಎದೆಮಟ್ಟದವರೆಗೂ ಹೋದ. ಲೈಫ್‌ಗಾರ್ಡ್ ಎರಡು ಸಲ ಸೀಟಿ ಊದಿ ಕೈ ಬೀಸಿದರು. ಆಮೇಲೆ ಹತ್ತಿರ ಬಂದು, "ಕೆರೆ ಅಲ್ಲ ಇದು, ಕಾಲಡಿ ಮರಳು ಎಳೀತದೆ" ಅಂದರು. ಮೋಟಾರ್ ಈಜು ಬರುತ್ತದೆ ಅಂತ ವಾದಿಸಿದ. "ಈಜು ಬರುವವರನ್ನೇ ನಾವು ಜಾಸ್ತಿ ಎಳೆದು ತಂದದ್ದು" ಅಂತ ಅವರು ತಣ್ಣಗೆ ಹೇಳಿದರು. ತೆಪ್ಪಗೆ ಮೇಲೆ ಬಂದ. ಕೊನೇ ದೋಣಿಯ ಹೊತ್ತು ಕೇಳಿಟ್ಟುಕೊಂಡಿದ್ದರಿಂದ ಕತ್ತಲಾಗುವ ಮೊದಲೇ ಎದ್ದೆವು. ಇಲ್ಲದಿದ್ದರೆ ಕೂಳೂರು ಸುತ್ತಿ ಬರಬೇಕಿತ್ತು.

ವಾಪಸ್ ಬರುವಾಗ ಹೆಂಚು ಇಡುವುದೇ ಕಷ್ಟವಾಯಿತು. ಸೀಟಿನ ಕೆಳಗೆ ಗ್ರೀಸ್ ಡಬ್ಬಿ ಇತ್ತಲ್ಲ. ಡಿಕ್ಕಿಯಲ್ಲಿ ಮೆಡಿಕಲ್ ಹೆಂಡತಿಗೆ ಅಂತ ತಗೊಂಡ ಹಲಸಿನ ಹಪ್ಪಳ, ಮೇಷ್ಟ್ರ ಪುಸ್ತಕ. ಕೊನೆಗೆ ನಡುವಿನ ಸೀಟಿನಲ್ಲಿ ನನಗೂ ಮೇಷ್ಟ್ರಿಗೂ ನಡುವೆ ಹೆಂಚಿನ ಕಟ್ಟು ಕೂತಿತು. ಶಿರಾಡಿ ತಿರುವುಗಳಲ್ಲಿ ಇಬ್ಬರೂ ಅದನ್ನು ಹಿಡಿದುಕೊಂಡೇ ಬಂದೆವು. ಯಜಮಾನರ ಗ್ಯಾರಂಟಿ ಸುಳ್ಳಾಯಿತು. ಒಂದೂ ಒಡೆಯಲಿಲ್ಲ. ನಾಲ್ಕು ಅಟ್ಟದ ಮೇಲೆ ಕೂತವು, ಗಾಡಿಗೆ ಗಾಡಿ ಸರಿಯಾಗಿ. ಐದನೆಯದನ್ನು ಮೋಟಾರ್ ಕೇಳಿ ತಗೊಂಡು ಹೋಗಿ ಅಂಗಡಿಯ ತಗಡಿನ ಮಾಡಿಗೆ ತೂತು ಹೊಡೆದು ಕೂರಿಸಲು ನೋಡಿದ. ಮೊದಲ ಮಳೆಗೇ ಸೋರಿತು. ತಗಡಿಗೆ ಹೆಂಚು ಕೂರುತ್ತದಾ?

ನೀವು ಹೋಗುವುದಿದ್ದರೆ ಒಂದೆರಡು ಮಾತು. ಮಳೆಗಾಲದಲ್ಲಿ ಶಿರಾಡಿಯಲ್ಲಿ ಗುಡ್ಡ ಜರಿದು ರಸ್ತೆ ಬಂದ್ ಆಗುವುದುಂಟು, ವಿಚಾರಿಸಿಕೊಂಡು ಹೊರಡಿ. ಜೂನ್, ಜುಲೈನಲ್ಲಿ ಯಾಂತ್ರಿಕ ಬೋಟುಗಳಿಗೆ ನಿಷೇಧ ಇರುತ್ತದೆ, ಆಗ ದಕ್ಕೆಯಲ್ಲಿ ನೋಡುವುದಕ್ಕೆ ಏನೂ ಇರುವುದಿಲ್ಲ. ಮಧ್ಯಾಹ್ನ ಹನ್ನೆರಡರಿಂದ ನಾಲ್ಕರವರೆಗೆ ಹೊರಗೆ ತಿರುಗುವ ಸಾಹಸ ಬೇಡ, ಚಾಪೆಲ್ಲೋ ಮತ್ತೊಂದೋ, ಸೂರಿನ ಕೆಳಗಿನದನ್ನು ಆ ಹೊತ್ತಿಗೆ ಇಟ್ಟುಕೊಳ್ಳಿ. ಜೊತೆಯಲ್ಲಿ ಮೆಡಿಕಲ್‌ನಂಥ ಸಸ್ಯಾಹಾರಿ ಇದ್ದರೆ ಬೆಳಗ್ಗೆ ಬೇಗ ಎಬ್ಬಿಸಿ. ನಾವು ಹೋದ ಹೋಟೆಲಿನಲ್ಲಿ ಹತ್ತು ಗಂಟೆಗೆಲ್ಲ ಬನ್ಸ್ ಖಾಲಿ.